ಲವಂಗದ ಶೀಸೆ, ಚಕ್ಕೆ ಶೀಸೆ

ಮಿಕ್ಕ ಮನೆಗಳಲ್ಲಿ ಹುಡುಗರು ಬೀಡಿ ಬಚ್ಚಿಟ್ಟು ಏಟು ತಿಂದಿದ್ದಾರೆ. ನಾನು ಏಟು ತಿಂದಿದ್ದು ಗಂಧದ ಸೋಪು ಬಚ್ಚಿಟ್ಟಿದ್ದಕ್ಕೆ.

ನಮ್ಮದು ರಾಮನಗರದ ಪಕ್ಕದ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ಶೀಟಿನ ಹುಳದ ಮನೆ. ರೇಷ್ಮೆ ಹುಳ ಮೇಯಿಸೋದೇ ಕಸುಬು. ಆ ಹುಳದಷ್ಟು ನಾಜೂಕಿನ ಜೀವ ಭಗವಂತ ಇನ್ನೊಂದು ಸೃಷ್ಟಿ ಮಾಡಿಲ್ಲ. ಊದಿನಕಡ್ಡಿ ಹೊಗೆ ಆಗಲ್ಲ, ಹೊಗೆಸೊಪ್ಪಿನ ಘಾಟು ಆಗಲ್ಲ, ಪೌಡರು ಆಗಲ್ಲ, ಮೆಣಸಿನಕಾಯಿ ಹುರಿದರೂ ಆಗಲ್ಲ. ಜೋರಾದ ವಾಸನೆ ಏನೇ ಬಂದರೂ ಸೊಪ್ಪು ತಿನ್ನೋದು ಬಿಟ್ಟು ತಲೆ ಎತ್ತಿಕೊಂಡು ಕೂತುಬಿಡ್ತವೆ, ಬೀಗರ ಊಟದಲ್ಲಿ ಗಂಡಿನ ಕಡೆಯವರು ಮುನಿಸಿಕೊಂಡ ಹಾಗೆ. ಸಮಾಧಾನ ಮಾಡೋಕೆ ಬೀಗರಾದರೆ ಕಾಲು ಹಿಡೀಬಹುದು, ಹುಳಕ್ಕೆ ಹಿಡಿಯೋಕೆ ಕಾಲಾದರೂ ಎಲ್ಲಿವೆ ಅಂತ ಹುಡುಕಬೇಕು.

ಈ ಹುಳಗಳ ಪರವಾಗಿ ನಮ್ಮನ್ನ ಆಳ್ತಾ ಇದ್ದೋಳು ಅವ್ವ. ಹೊಸಿಲಲ್ಲಿ ನಿಂತು ಬಂದೋರನ್ನೆಲ್ಲ ಮೂಸಿ ಒಳಗೆ ಬಿಡೋಳು. ಒಂದು ಸಲ ನಮ್ಮ ಮಾವ, ಅವ್ವನ ಸ್ವಂತ ತಮ್ಮ, ಕಿವಿಗೆ ಅತ್ತರಿನ ಹತ್ತಿ ಇಟ್ಟುಕೊಂಡು ಬಂದಿದ್ದಕ್ಕೆ ಎಲೆ ಹಾಕಿದ್ದು ಬೀದಿ ಜಗಲಿ ಮೇಲೆ. ಅಕ್ಕನ ಪೌಡರ್ ಡಬ್ಬ ತಿಪ್ಪೆ ಸೇರಿತ್ತು. ಮಲ್ಲಿಗೆ ಹೂವು ಮಾರೋಳು ನಮ್ಮ ಬೀದಿ ತಿರುವು ಬಂದರೆ ಕೂಗೋದನ್ನೇ ನಿಲ್ಲಿಸಿಬಿಡೋಳು, ಅಷ್ಟು ಭಯ. ಹಬ್ಬಕ್ಕೂ ನಮ್ಮ ಅವ್ವ ಮುಡಿದಿದ್ದು ಕನಕಾಂಬರ ಒಂದೇ. "ಬಣ್ಣ ಐತೆ, ವಾಸ್ನೆ ಇಲ್ಲ. ಹುಳದ ಮನೆ ಹೆಂಗಸ್ರಿಗೆ ಅಂತ್ಲೇ ದೇವ್ರು ಮಾಡಿರೋ ಹೂವು" ಅನ್ನೋಳು. ದೇವರಿಗೆ ಬೇರೆ ಕೆಲಸ ಇರಲಿಲ್ಲ ಪಾಪ.

ಒಂದು ಬೆಳೆ ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋದ ಮೇಲೆ ಮುಂದಿನ ಬೆಳೆ ಬರೋ ತನಕ ಒಂದಿಷ್ಟು ದಿನ ಮನೆ ಖಾಲಿ ಇರುತ್ತಲ್ಲ, ಆಗಲಾದರೂ ಘಮ್ ಅನ್ನಬಹುದಲ್ಲ ಅಂತ ನೀವು ಕೇಳಬಹುದು. ನಾವೂ ಕೇಳಿದ್ವಿ. ಆಗ ಅವ್ವ ಮನೆಗೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯೋಳು. ಹಂಗಾಗಿ ನಮಗೆ ಗೊತ್ತಿದ್ದ ಸುವಾಸನೆ ಅಂದರೆ ಅದೊಂದೇ. ಈಗಲೂ ಯಾವುದಾದರೂ ಆಸ್ಪತ್ರೆ ಹೊಕ್ಕರೆ ನನಗೆ ರಜದ ನೆನಪಾಗುತ್ತೆ.

ಇಂಥ ಮನೇಲಿ ಬೆಳೆದ ನಾನು, ಮೂವತ್ತು ದಾಟಿದ ಮೇಲೆ ಎರಡು ಶೀಸೆ ಸೆಂಟು ಮುಂದಿಟ್ಟುಕೊಂಡು ಇದೋ ಅದೋ ಅಂತ ತಲೆ ಕೆಡಿಸಿಕೊಳ್ಳಬೇಕಾಗಿ ಬಂತು. ಕಾರಣ ಮದುವೆ. ಇನ್ನೇನಿರುತ್ತೆ.

ನಮ್ಮ ಸೀಮೆಯಲ್ಲಿ ಹುಳ ಮೇಯಿಸೋ ಗಂಡಿಗೆ ಹೆಣ್ಣು ಸಿಗೋದು ಕಷ್ಟ ಅನ್ನೋದು ಎಲ್ಲರಿಗೂ ಗೊತ್ತು, ಗಂಡಿನ ತಾಯಂದಿರಿಗೆ ಬಿಟ್ಟು. ಬೈರಮಂಗಲದ ಕಡೆಯಿಂದ ಒಂದು ಹುಡುಗಿ ಮನೆಯವರು ನಮ್ಮ ಮನೆ ನೋಡೋಕೆ ಬಂದಿದ್ದರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಎಲ್ಲ ಚೆನ್ನಾಗಿದೆ ಅಂದರು. ಮಾರನೇ ದಿನ ಹೇಳಿ ಕಳಿಸಿದರು: ಹುಡುಗ ಪರವಾಗಿಲ್ಲ, ಆದರೆ ಹುಳದ ವಾಸನೆ. ಹುಡುಗಿ ತಾಯಿ ಅವತ್ತು ಉಟ್ಟು ಬಂದಿದ್ದು ರೇಷ್ಮೆ ಸೀರೆ. ಆ ಸೀರೆ ಮರದಲ್ಲಿ ಬಿಟ್ಟಿತ್ತು ಅಂದುಕೊಂಡಿದ್ದರೋ ಏನೋ. ಬೆಂಗಳೂರಿನ ಕೊಚ್ಚೆಯೆಲ್ಲ ಬಂದು ಬೀಳೋ ಬೈರಮಂಗಲದ ಕೆರೆ ದಂಡೆ ಮೇಲೆ ಬೆಳೆದ ಮೂಗುಗಳು ನನಗೆ ವಾಸನೆ ಅಂದವು. ಆ ಕೆರೆ ಕಡೆ ಒಂದು ಸಲ ಹೋಗಿ ಬಂದೋರಿಗೆ ನನ್ನ ಉರಿ ಅರ್ಥ ಆಗುತ್ತೆ.

ಆಮೇಲೆ ನಮ್ಮ ಬ್ರೋಕರು ಕುದೂರಿನ ಕಡೆಯಿಂದ ಇನ್ನೊಂದು ಸಂಬಂಧ ತಂದ. "ಹುಡುಗಿ ಡಿಗ್ರಿ ಮಾಡವ್ಳೆ. ಲಕ್ಷಣವಾಗವ್ಳೆ. ಒಂದೇ ಮಾತು ಅಂದವ್ರೆ, ಹುಳದ ಮನೆ ಬ್ಯಾಡ ಅಂತ. ನೀನು ಹುಳ ಅನ್ನೋ ಮಾತೇ ಎತ್ತಬ್ಯಾಡ ಕಣಪ್ಪ. ಅಗ್ರಿ ಬಿಜಿನೆಸ್ಸು ಅನ್ನು, ಸಾಕು. ಆಮೇಲೆ ಒಸಿ ಸೆಂಟು ಗಿಂಟು ಹಾಕ್ಕಂಡು ಬಾ."

"ಅವ್ರ ಮನೇಲಿ ಹುಳ ಇಲ್ವಾ?"

"ಛೇ ಛೇ! ಅವ್ರುದು ತೆಂಗು, ಅಡಿಕೆ, ದೊಡ್ಡ ಕುಳ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇವನು ಸಾವಿರ ಸುಳ್ಳು ಯಾವತ್ತೋ ಮುಗಿಸಿದ್ದ, ಮದುವೆ ಒಂದು ಬಾಕಿ ಇತ್ತು.

ಸೆಂಟಿನ ವಿಚಾರ ಭಾವನ ಕಿವಿಗೆ ಬಿತ್ತು. ಭಾವ ಅಂದರೆ ಅಕ್ಕನ ಗಂಡ. ಚನ್ನಪಟ್ಟಣದ ಹೈವೇ ಪಕ್ಕ ಬೊಂಬೆ ಅಂಗಡಿ ಇಟ್ಟಿದ್ದಾನೆ. ಬೆಂಗಳೂರಿನ ಕಾರುಗಳು ಅಂಗಡಿ ಮುಂದೆ ನಿಲ್ಲೋದರಿಂದ ಬೆಂಗಳೂರೇ ತನ್ನ ಮುಂದೆ ಕೈಕಟ್ಟಿ ನಿಂತಿದೆ ಅನ್ನೋದು ಅವನ ನಂಬಿಕೆ. ಬಟ್ಟೆ, ಬೂಟು, ರಾಜಕೀಯ, ಹೃದಯದ ಕಾಯಿಲೆ, ಯಾವ ವಿಷಯಕ್ಕೂ ಅವನ ಹತ್ತಿರ ತೀರ್ಪು ರೆಡಿ. ನಾನು ಗೂಡು ಹಾಕೋಕೆ ರಾಮನಗರದ ಮಾರ್ಕೆಟ್ಟಿಗೆ ಹೋದ ದಿನ ಅಲ್ಲಿಗೇ ಬಂದು, ಗೂಡು ಹರಾಜಾಗೋದನ್ನೇ ಕಾಯ್ತಿದ್ದು, ನನ್ನನ್ನ ಸೆಂಟಿನ ಅಂಗಡಿಗೆ ಎಳೆದುಕೊಂಡು ಹೋದ.

ಅಂಗಡಿ ಭಾಯ್ ನನ್ನ ಮೇಲಿಂದ ಕೆಳಗೆ ನೋಡಿದ. "ಗೂಡಿನ ಮಾರ್ಕೆಟ್ಟಿಂದ ಬಂದ್ರಾ? ಬಾಗ್ಲಲ್ಲೇ ಒಂದು ಐದು ನಿಮಿಷ ಗಾಳಿಗೆ ನಿಂತ್ಕೊಳ್ಳಿ ಸಾಬ್, ಮೂಗು ಕ್ಲೀನ್ ಆಗ್ಲಿ" ಅಂದ. ಮರ್ಯಾದೆ ಕೊಟ್ಟೇ ಮರ್ಯಾದೆ ತೆಗೆಯೋ ಕಲೆ ಕೆಲವರಿಗೆ ಹುಟ್ಟಿನಿಂದ ಬಂದಿರುತ್ತೆ.

ಆಮೇಲೆ ಎರಡು ಶೀಸೆ ಇಟ್ಟ. ಒಂದು ಕರೀದು, ಒಂದು ಕಂದು. "ಎರಡೂ ಸ್ಪೈಸಿ. ಗಂಡಸ್ರುದು. ಈಗ ಇದೇ ಓಡ್ತಾ ಇರೋದು."

"ಸ್ಪೈಸಿ ಅಂದ್ರೆ ಖಾರ ತಾನೆ?" ಅಂದೆ. "ಮೈಗೆ ಹಾಕ್ಕಳೋದಾ, ಊಟಕ್ಕಾ?"

ಭಾವ ನನ್ನ ಕಾಲು ತುಳಿದ. ಭಾಯ್ ಕರೀ ಶೀಸೇನ ನನ್ನ ಎಡಗೈ ಮಣಿಕಟ್ಟಿಗೆ ಹೊಡೆದ. ಮೂಸಿದೆ. ಲವಂಗ, ಮೆಣಸು. ನಮ್ಮ ಅಜ್ಜ ಹಲ್ಲುನೋವಿಗೆ ಹತ್ತಿ ಅದ್ದಿ ದವಡೆಗೆ ಒತ್ತಿಕೊಳ್ತಿದ್ದ ಲವಂಗದ ಎಣ್ಣೆ ಅದು, ಹೆಚ್ಚೂ ಇಲ್ಲ ಕಡಿಮೆನೂ ಇಲ್ಲ. ಕಂದು ಶೀಸೆ ಬಲಗೈಗೆ. ಚಕ್ಕೆ, ಏಲಕ್ಕಿ, ಹಿಂದೆ ಎಲ್ಲೋ ಒಸಿ ಜಾಯಿಕಾಯಿ. ಬೀಗರೂಟದ ದಿನ ಅಡುಗೆ ಭಟ್ಟರು ಮಸಾಲೆ ಹುರಿಯೋ ಕೊಟ್ಟಿಗೆ ಹಾಗಿತ್ತು.

ಎಡಗೈ ಮೂಸಿದೆ, ಬಲಗೈ ಮೂಸಿದೆ, ಮತ್ತೆ ಎಡಗೈ ಮೂಸಿದೆ. ಲವಂಗ ಹಾಕಿಕೊಂಡು ಹೋದರೆ ಹುಡುಗಿ ನನ್ನ ಹಲ್ಲು ಸರಿಯಿಲ್ಲ ಅಂದುಕೊಳ್ತಾಳೆ. ಚಕ್ಕೆ ಹಾಕಿಕೊಂಡು ಹೋದರೆ ಹುಡುಗಿ ಅಪ್ಪನಿಗೆ ಹಸಿವಾಗುತ್ತೆ. ಇಷ್ಟಕ್ಕೂ ಇದೇ ಬೇಕು ಅಂದಿದ್ದರೆ ಅವ್ವ ಅರೆಯೋ ಬಾಡಿನ ಮಸಾಲೇನೇ ಕಂಕುಳಿಗೆ ಸವರಿಕೊಂಡು ಹೋಗಬಹುದಿತ್ತಲ್ಲ, ಹೊಸದಾಗಿ ಅರೆದಿದ್ದು, ಕಲಬೆರಕೆ ಇಲ್ಲ. ಇದನ್ನೇ ಬಾಯಿಬಿಟ್ಟು ಹೇಳಿದೆ.

"ಥೂ, ಕತ್ತೆಗೇನ್ಲಾ ಗೊತ್ತು ಕಸ್ತೂರಿ ವಾಸ್ನೆ!" ಅಂದ ಭಾವ. "ಕರೀದು ತಗಳ್ಲಾ. ಕಾರಲ್ಲಿ ಬರೋರೆಲ್ಲ ಇಂಥದ್ದೇ ಹಾಕಿರ್ತಾರೆ."

ಭಾಯ್ ನಕ್ಕ. "ಹಾಕ್ಕೊಳೋರು ಆರಿಸ್ಬಾರ್ದು ಸಾಬ್, ಮೂಸೋರು ಆರಿಸ್ಬೇಕು. ಎರಡೂ ತಗೊಂಡೋಗಿ." ಆಹಾ ಎಂಥ ದೊಡ್ಡ ಮಾತು ಅಂತ ನಾನು ತಲೆದೂಗಿದೆ. ಅದು ವ್ಯಾಪಾರದ ಮಾತು ಅಂತ ಹೊಳೆಯೋಷ್ಟರಲ್ಲಿ ಭಾವ ಎರಡನ್ನೂ ಕಟ್ಟಿಸಿ ಆಗಿತ್ತು.

ಶೀಸೆಗಳು ಭಾವನ ಮನೆಗೆ ಹೋದವು, ನಮ್ಮ ಮನೆಗೆ ತರೋ ಹಾಗೆ ಇರಲಿಲ್ಲವಲ್ಲ. ಆದರೆ ನನ್ನ ಮಣಿಕಟ್ಟುಗಳನ್ನ ಬಿಚ್ಚಿ ಭಾವನ ಕೈಗೆ ಕೊಡೋಕಾಗುತ್ತಾ? ನಾನಿನ್ನೂ ತೆಂಗಿನ ಮರದ ಹತ್ತಿರ ಇದ್ದೆ, ಅವ್ವನ ದನಿ ಬಂತು. "ಅಲ್ಲೇ ನಿಂತ್ಕ! ಏನ್ಲಾ ಅದು?"

"ಹುಳ ಇಲ್ವಲ್ಲವ್ವ ಈಗ, ಇವತ್ತು ತಾನೆ ಗೂಡು ಹಾಕಿ ಬಂದೆ."

"ಇಲ್ದೆ ಇದ್ರೆ? ಮುಂದಿನ ವಾರ ಬರಲ್ವಾ? ತೊಳ್ಕಂಡು ಬಾ."

ಪಂಪ್‌ಹೌಸಿನ ಹತ್ತಿರ ಮಣ್ಣು ಹಾಕಿ ಉಜ್ಜಿಕೊಂಡು ಬಂದೆ. ಅವ್ವ ಎರಡು ಕೈಯನ್ನೂ ಹಿಡಿದು ಮೂಸಿ ನೋಡಿ, ಬಲಗೈ ಮಾತ್ರ ಒಸಿ ಹೊತ್ತು ಹಿಡಿದುಕೊಂಡಿದ್ದು, ಇನ್ನೊಂದು ಸಲ ತೊಳಿ ಅಂದಳು.

ಹೆಣ್ಣು ನೋಡೋ ದಿನ ಬರೋ ಹೊತ್ತಿಗೆ ಹೊಸ ಬೆಳೆ ನಾಕನೇ ಜ್ವರ ಎದ್ದಿತ್ತು. ಹುಳ ಬೆಳೀತಾ ಬೆಳೀತಾ ನಾಕು ಸಲ ಮೇವು ಬಿಟ್ಟು ಸುಮ್ಮನೆ ಕೂತು ಪೊರೆ ಕಳಚುತ್ತೆ, ಅದನ್ನ ನಾವು ಜ್ವರ ಅಂತೀವಿ. ನಾಕನೇದು ಎದ್ದರೆ ಮುಗೀತು, ಬಕಾಸುರನ ವಂಶ. ಹಗಲೂ ರಾತ್ರಿ ಸೊಪ್ಪು ಸುರೀತಾನೇ ಇರಬೇಕು. ಅಪ್ಪ ತೀರಿಕೊಂಡ ಮೇಲೆ ಮನೇಲಿ ಇರೋರು ನಾನು, ಅವ್ವ, ಹುಳ. "ನೀವೋಗ್ಬನ್ನಿ, ಹುಳ ಬುಟ್ಟು ನಾನೆಲ್ ಬರ್ಲಿ" ಅಂದಳು ಅವ್ವ. ಇರೋನೊಬ್ಬ ಮಗನಿಗೆ ಹೆಣ್ಣು ನೋಡೋಕೂ ಹುಳದ ಅಪ್ಪಣೆ ಸಿಗಲಿಲ್ಲ.

ನಾನು, ಅಕ್ಕ, ಭಾವ ಕಾರಲ್ಲಿ ಹೊರಟ್ವಿ. ಮಾಗಡಿ ದಾಟಿದ ಮೇಲೆ ಒಂದು ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ ಭಾವ ಶೀಸೆಗಳನ್ನ ತೆಗೆದ. ಭಾವ ಕರೀದು ಅಂದ. ಅಕ್ಕ ಮೂಸಿ ನೋಡಿ, "ಇದೇನ್ರೀ ಸತ್ತೋರ ಮನೆ ವಾಸ್ನೆ, ಕಂದುದೇ ಚೆಂದ" ಅಂದಳು. ಅವಳ ಮಾತು ಮುಗಿಯೋದರೊಳಗೆ ಭಾವ ನನ್ನ ಅಂಗಿ ಮೇಲೆಲ್ಲ ಲವಂಗ ಹೊಡೆದಿದ್ದ. ಗಂಡನಿಗೆ ಸೋಲೋ ಹೆಂಗಸಾ ನಮ್ಮಕ್ಕ? ಕಂದು ಶೀಸೆ ಕಿತ್ತುಕೊಂಡು ಕುತ್ತಿಗೆ, ಕಂಕುಳು, ತಲೆ ಅಂತ ನೋಡದೆ ಚಕ್ಕೆ ಹೊಡೆದಳು. ಕುದೂರಿನ ತನಕ ಕಿಟಕಿ ಇಳಿಸಿಕೊಂಡೇ ಹೋದ್ವಿ. ಅವರಿಬ್ಬರ ದಾಂಪತ್ಯ ನನ್ನ ಮೈಮೇಲೆ ಘಮ್ ಅಂತಿತ್ತು.

ಹುಡುಗಿ ಮನೆ ಊರಾಚೆ, ತೆಂಗಿನ ತೋಟದ ಮಧ್ಯೆ. ಬ್ರೋಕರು ಆಗಲೇ ಬಂದು ಕೂತಿದ್ದ. ಹುಡುಗಿ ಅಪ್ಪ ಅಮ್ಮ ಕೈಮುಗಿದು ಕರೆದು ಹಜಾರದಲ್ಲಿ ಕೂರಿಸಿದರು. ಅವರ ಮೂಗಿನ ಹೊಳ್ಳೆ ಒಂದು ಸಲ ಅರಳಿ ಮುಚ್ಚಿಕೊಂಡಿದ್ದು ಕಂಡೆ. ಪೇಟೆ ವಾಸನೆಗೆ ಮರುಳಾದರು ಅಂದುಕೊಂಡೆ, ಬೆಪ್ಪುತಕ್ಕಡಿ. ನನ್ನ ತಲೆ ಮೇಲೆ ಫ್ಯಾನು ತಿರುಗ್ತಿತ್ತು. ಮುಂಬಾಗಿಲಿಂದ ಹಿತ್ತಲ ಬಾಗಿಲಿಗೆ ಗಾಳಿ ನೆಟ್ಟಗೆ ಬೀಸ್ತಿತ್ತು.

ಹುಡುಗಿ ಕಾಫಿ ತಂದಳು. ನೋಡೋಕೆ ಲಕ್ಷಣವಾಗಿದ್ದಳು, ಬ್ರೋಕರು ಆ ಒಂದು ವಿಷಯದಲ್ಲಿ ಸುಳ್ಳು ಹೇಳೋದು ಮರೆತಿದ್ದ. ನೀಲಿ ಸೀರೆ, ಉದ್ದ ಜಡೆ, ಜಡೆ ತುಂಬ ಕನಕಾಂಬರ.

"ಕುದೂರಲ್ಲಿ ಮಲ್ಲಿಗೆ ಸಿಗ್ಲಿಲ್ವೇನವ್ವ?" ಅಂದಳು ಅಕ್ಕ, ನಗ್ತಾ.

"ಮಲ್ಲಿಗೆ ಅಂದ್ರೆ ನಮ್ ಹುಡುಗಿಗೆ ತಲೆನೋವು" ಅಂದರು ಅವಳಮ್ಮ. ಹುಡುಗಿ ಅವಳಮ್ಮನ ಕಡೆ ಒಂದು ನೋಟ ನೋಡಿದಳು. ಆ ನೋಟಕ್ಕೆ ಬಾಯಿ ಇದ್ದಿದ್ದರೆ ಮನೆ ಮಾನ ಹೋಗ್ತಿತ್ತು.

ನಾನು ಕಾಫಿ ಲೋಟ ತಗೊಳ್ಳುವಾಗ ಅವಳ ಬೆರಳು ನೋಡಿದೆ. ಹೆಬ್ಬೆರಳು ತೋರುಬೆರಳಲ್ಲಿ ಕಪ್ಪು ಕರೆ. ಹಿಪ್ಪುನೇರಳೆ ಸೊಪ್ಪು ಕುಯ್ದ ಕೈಗೆ ಅಂಟೋ ಕರೆ ಅದು, ನಮ್ಮ ಅವ್ವನ ಕೈಯಲ್ಲಿ ಹುಟ್ಟಿದಾಗಿನಿಂದ ನೋಡಿದೀನಿ. ತಲೆ ಎತ್ತಿ ದೇವರ ಪಟ ನೋಡಿದೆ. ಕುಂಕುಮ ಇದೆ, ದೀಪ ಇದೆ, ಊದಿನಕಡ್ಡಿ ಸಿಕ್ಕಿಸೋ ಜಾಗ ಖಾಲಿ. ಮಾತು ನಿಂತಾಗ ಕಿವಿ ಕೊಟ್ಟೆ. ಹಿತ್ತಲ ಕಡೆಯಿಂದ ಸರಸರ ಸದ್ದು. ಅದು ಸೋನೆ ಮಳೆ ಅಲ್ಲ, ಹೊರಗೆ ಬಿಸಿಲು ಕಾಯ್ತಿತ್ತು. ದೊಡ್ಡ ಹುಳ ಸೊಪ್ಪು ತಿನ್ನೋ ಸದ್ದು.

ಅಯ್ಯೋ ಶಿವನೇ! ನಾಕನೇ ಜ್ವರ ಎದ್ದ ಹುಳ ಇರೋ ಮನೆ ಹಜಾರದಲ್ಲಿ, ಫ್ಯಾನಿನ ಕೆಳಗೆ, ಎರಡು ಶೀಸೆ ಸೆಂಟು ಸುರಿದುಕೊಂಡು ಹುಳದ ಮನೆ ಮಗ ನಾನು ಕೂತಿದ್ದೀನಿ. ಹೇಳಿದರೆ ನಾನೂ ಹುಳದೋನು ಅಂತ ಗೊತ್ತಾಗಿ ಸಂಬಂಧ ಮುರಿದು ಬೀಳುತ್ತೆ. ಹೇಳದೆ ಇದ್ದರೆ ಇವರ ಒಂದು ತಿಂಗಳ ದುಡಿಮೆ ತಲೆ ಎತ್ತಿಕೊಂಡು ಕೂರುತ್ತೆ. ಅವರಾದರೂ ಬಾಯಿ ಬಿಡಬಾರದಾ? ಬಿಡಲ್ಲ, ಅವರಿಗೂ ಮಗಳ ಮದುವೆ ಆಗಬೇಕು. ನಮ್ಮದು ತೆಂಗು ಅಡಿಕೆ ಅಂತ ಹೇಳಿಸಿ ಆಗಿದೆ. ಆ ಅಪ್ಪ ಬೆವರು ಒರೆಸ್ಕೊಂಡು ಹಿತ್ತಲ ಬಾಗಿಲನ್ನೇ ನೋಡ್ತಾ ನಗ್ತಾ ಕೂತಿದ್ದರು.

ಬ್ರೋಕರು ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ಹುಡುಗಂದು ಅಗ್ರಿ ಬಿಜಿನೆಸ್ಸು..."

ನಾನು ಎದ್ದು ನಿಂತೆ. "ನಿಮ್ಮ ಹುಳ ನಾಕ್ನೇ ಜ್ವರ ಎದ್ದವಾ?"

"ಮೊನ್ನೆ ಎದ್ದವೆ" ಅಂದುಬಿಟ್ಟರು ಅವರಪ್ಪ. ಆಮೇಲೆ ನಾಲಿಗೆ ಕಚ್ಚಿಕೊಂಡರು.

"ಮೊದ್ಲು ಫ್ಯಾನ್ ಆರ್ಸಿ, ಹಿತ್ಲು ಬಾಗ್ಲು ಹಾಕಿ!" ಅಂತ ಕೂಗಿ, ಅಂಗಿ ಬಿಚ್ಕೊಂಡು ಅಂಗಳಕ್ಕೆ ಓಡಿದೆ. ಹೆಣ್ಣು ನೋಡೋಕೆ ಬಂದ ಗಂಡು ಬನಿಯನ್ನಲ್ಲಿ ಅಂಗಳಕ್ಕೆ ಓಡಿದ್ದು ಆ ಊರಲ್ಲಿ ಅದೇ ಮೊದಲು ಅಂತ ಕಾಣುತ್ತೆ. ಹಿಂದೆಯೇ ಭಾವ, "ಲೇ, ಏನಾಯ್ತ್ಲಾ ನಿಂಗೆ, ಗಾಳಿ ಗೀಳಿ ಮೆಟ್ಟಿಕಂತಾ?" ಅಂತ ಓಡಿ ಬಂದ.

ಅಂಗಳದ ನೀರಿನ ತೊಟ್ಟಿ ಹತ್ತಿರ ಅವಳಮ್ಮ ಸೋಪು ತಂದರು. ಹುಡುಗಿ ಹಿಂದಿನಿಂದ ಬಂದು ಕಿತ್ತುಕೊಂಡಳು. "ಸೋಪು ಬ್ಯಾಡ, ಅದೂ ಘಮ್ ಅಂತದೆ." ಒಳಗೆ ಹೋಗಿ ಹುಣಸೆಹಣ್ಣು, ಬೂದಿ ತಂದುಕೊಟ್ಟಳು. ಹಬ್ಬದ ಹಿಂದಿನ ದಿನ ಹಿತ್ತಾಳೆ ಚೆಂಬು ಬೆಳಗೋ ಹಾಗೆ ನನ್ನನ್ನ ನಾನೇ ಬೆಳಗಿಕೊಂಡೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನೋ ಗಾದೆ ಕೇಳಿದ್ದೆ, ಹುಣಸೆಹಣ್ಣಲ್ಲಿ ಗಂಡು ತೊಳೆದಿದ್ದು ಅವತ್ತೇ ನೋಡಿದ್ದು. ಅವರಪ್ಪನ ಲುಂಗಿ, ಅವರಪ್ಪನ ಬನಿಯನ್ನು ಹಾಕ್ಕೊಂಡೆ.

ಅಷ್ಟರಲ್ಲಿ ಅವರಪ್ಪ ಹುಳದ ಮನೆಗೆ ಹೋಗಿ ನೋಡಿ ಬಂದರು. ಮುಖ ಹಗುರ ಆಗಿತ್ತು. "ತಿಂತಾ ಅವೆ. ಬೆಳೆ ಉಳಿಸ್ಬುಟ್ಟೆ ಕಣಪ್ಪ" ಅಂತ ನನ್ನ ಹೆಗಲು ಹಿಡಿದರು. ಬ್ರೋಕರು ಮಾತ್ರ ಯಾರ ಕಡೆನೂ ನೋಡದೆ ಬೋಂಡ ತಿಂತಿದ್ದ. ಎರಡು ಕಡೆಗೂ ಎರಡು ಸುಳ್ಳು ಮಾರಿದೋನಿಗೆ ಹಸಿವು ಜಾಸ್ತಿ ಇರಬೇಕು. ಭಾವ ನನ್ನ ಕಿವೀಲಿ, "ಗೆದ್ದೆ ಕಣ್ಲಾ! ಹುಡುಗಿ ಮನೆ ಬೆಳೆ ಉಳಿಸ್ದೋನಿಗೆ ಹುಡುಗಿ ಕೊಡ್ದೆ ಇರ್ತಾರಾ?" ಅಂದ. ಸುಳ್ಯಾಕೆ, ನಾನೂ ಹಾಗೇ ಅಂದುಕೊಂಡೆ. ಲುಂಗಿ ಸರಿಮಾಡಿಕೊಂಡು ಅಳಿಯನ ಗತ್ತಲ್ಲಿ ನಿಂತೆ.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಅಂತ ನಮ್ಮಿಬ್ಬರನ್ನ ಮನೆ ಹಿಂದಿನ ಹಿಪ್ಪುನೇರಳೆ ತೋಟದ ಕಡೆ ಕಳಿಸಿದರು. ಅವಳು ಮೊದಲು ಕೇಳಿದ್ದೇ, "ಆ ಸೆಂಟಿನ ಶೀಸೆ ತಂದಿದೀರಾ?"

ಕಾರಿಂದ ಎರಡನ್ನೂ ತಂದೆ. ಅವಳು ಸೆರಗು ಮೇಲಕ್ಕೆ ಹಾರಿಸಿ ಗಾಳಿ ಯಾವ ಕಡೆಗಿದೆ ನೋಡಿ, ಮನೆಯಿಂದ ದೂರ, ಬದುವಿನ ಆ ತುದಿಗೆ ಹೋಗಿ ನಿಂತಳು. ಕರೀ ಶೀಸೆ ಮುಚ್ಚಳ ತೆಗೆದು ಮೂಸಿ ವಾಪಸ್ ಕೊಟ್ಟಳು. ಕಂದು ಶೀಸೆ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಮುಚ್ಚಿದೋಳು ತೆಗೀಲೇ ಇಲ್ಲ. ಉಪವಾಸ ಇದ್ದೋರು ಊಟ ಮಾಡೋದನ್ನ ನೋಡಿದೀನಿ, ವಾಸನೆನ ಹಾಗೆ ಉಣ್ಣೋರನ್ನ ನಾನು ಕಂಡಿರಲಿಲ್ಲ. ನನಗೆ ಏನು ಮಾಡಬೇಕೋ ತಿಳೀದೆ ಹಿಪ್ಪುನೇರಳೆ ಎಲೆ ಎಣಿಸಿದೆ.

"ಇದು ಚೆನ್ನಾಗಿದೆ" ಅಂದಳು ಕೊನೆಗೆ.

"ಹಾಗಾದ್ರೆ ಇದನ್ನೇ ಹಾಕ್ಕೋತೀನಿ" ಅಂದೆ, ದೊಡ್ಡ ಮನಸ್ಸು ಮಾಡಿ.

"ಎಲ್ಲಿ ಹಾಕ್ಕೋತೀರಿ?" ಅಂದಳು.

ಹೊಸಿಲಲ್ಲಿ ಮೂಸೋಕೆ ನಿಂತಿರೋ ಅವ್ವ ನೆನಪಾದಳು.

"ನೀವು ಒಳ್ಳೇವ್ರು. ಅದು ಇವತ್ತೇ ಗೊತ್ತಾಯ್ತು" ಅಂದಳು. "ಆದ್ರೆ ನಾನು ಹುಳದ ಮನೆಗೆ ಬರಲ್ಲ. ಹುಟ್ಟಿದಾಗಿಂದ ನಾನು ಒಂದು ಮೊಳ ಮಲ್ಲಿಗೆ ಮುಡ್ದು ಮನೆ ಒಳಗೆ ಕಾಲಿಟ್ಟಿಲ್ಲ. ಕಾಲೇಜಿಗೆ ಹೋಗುವಾಗ ಬಸ್ಸಲ್ಲಿ ಮುಂದಿನ ಸೀಟಿನೋಳ ಜಡೆ ಮೂಸ್ಕೊಂಡು ಹೋಗ್ತಿದ್ದೆ. ತಲೆನೋವಂತೆ, ತಲೆನೋವು! ನಿಮ್ಮನೆಗೆ ಬಂದ್ರೆ ಸಾಯೋತನಕ ಕನಕಾಂಬರ. ಬ್ಯಾಡ."

ಅದೇನ್ ಮಹಾ ಮಲ್ಲಿಗೆ, ಚಿನ್ನದ ಗಿಡದಲ್ಲಿ ಬಿಡೋದಾ ಅಂತ ಜೋರು ಮಾಡೋಣ ಅನ್ನಿಸ್ತು. ಲುಂಗಿ ಬಿಗಿ ಮಾಡಿಕೊಂಡೆ, ಅಷ್ಟೆ. ಅಲ್ಲೀತನಕ ಒಂದು ಹೆಣ್ಣು ಸಿಕ್ಕಿದರೆ ಸಾಕು ಅಂತಿದ್ದೋನಿಗೆ ಇದೇ ಹುಡುಗಿ ಬೇಕಿತ್ತು ಅನ್ನಿಸಿದ್ದು ಅವಳು ಬ್ಯಾಡ ಅಂದ ಮೇಲೆ. ನಮ್ಮ ಬುದ್ಧಿ ಯಾವತ್ತೂ ಬಸ್ಸು ಹೋದ ಮೇಲೇ ಸ್ಟ್ಯಾಂಡಿಗೆ ಬರೋದು.

"ಶೀಸೆ ನೀವೇ ಇಟ್ಕೊಳ್ಳಿ" ಅಂದೆ.

"ಗಂಡಸ್ರುದು ಅಂತ ಬರ್ದದೆ ಇದರ ಮೇಲೆ."

"ಮೂಗಿಗೆ ಓದೋಕೆ ಬರಲ್ಲ ಬಿಡಿ."

ನಕ್ಕಳು. ಸೆರಗಿನಲ್ಲಿ ಗಂಟು ಹಾಕ್ಕೊಂಡಳು. ಮನೆ ಒಳಗೆ ತಗೊಂಡು ಹೋಗೋ ಹಾಗಿಲ್ಲವಲ್ಲ, ಎಲ್ಲಿ ಇಡ್ತಾಳೋ ಅಂತ ಯೋಚನೆ ಬಂತು.

ದಾರಿ ಉದ್ದಕ್ಕೂ ಭಾವ ಬ್ರೋಕರನ್ನ ಬೈದ, ಅಕ್ಕ ಹುಡುಗೀನ ಬೈದಳು, ಆಮೇಲೆ ಇಬ್ಬರೂ ಸೇರಿ ನನ್ನನ್ನ ಬೈದರು. ಲವಂಗದ ಶೀಸೆ ಭಾವನೇ ಇಟ್ಟುಕೊಂಡ. ಈಗ ಬೊಂಬೆ ಅಂಗಡಿ ಅಜ್ಜನ ಹಲ್ಲುನೋವಿನ ವಾಸನೆ ಹೊಡೀತದೆ.

ಮನೆ ಮುಂದೆ ಅವ್ವ ಸೊಪ್ಪಿನ ಕುಕ್ಕೆ ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಬೇರೆಯವರ ಲುಂಗಿಯಲ್ಲಿ ಇಳಿದ ಮಗನ್ನ ಮೊದಲು ಮೂಸಿದಳು. "ಹುಣಸೆಹಣ್ಣು" ಅಂದಳು. "ಏನಾಯ್ತು?"

ನಡೆದಿದ್ದೆಲ್ಲ ಹೇಳಿದೆ. "ಮಲ್ಲಿಗೆ ಮುಡಿಯೋಕಾಗ್ದಿರೋ ಮನೆ ಬ್ಯಾಡ ಅಂದ್ಲು" ಅಂದೆ. ಇನ್ನು ಅವ್ವನ ಬಾಯಿಂದ ಆ ಹುಡುಗಿಗೆ ಇದೆ ಅಂತ ಕಾದೆ.

ಅಕ್ಕ ಶುರು ಮಾಡಿದಳು. "ಏನ್ ಸೊಕ್ಕು ನೋಡವ್ವ ಅವ್ಳಿಗೆ, ಒಂದು ಹೂವಿಗೆ..."

"ಸುಮ್ನಿರೇ" ಅಂದಳು ಅವ್ವ. "ಸೊಕ್ಕಲ್ಲ ಅದು. ನನ್ನೂ ಯಾರಾದ್ರೂ ಕೇಳಿದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ನನ್ನ ಯಾರ್ ಕೇಳಿದ್ರು?"

ನನಗೆ ಅವ್ವನ ಮುಖ ನೋಡೋಕೆ ಆಗಲಿಲ್ಲ, ಜಡೆ ನೋಡಿದೆ. ಬೆಳಿಗ್ಗೆ ಮುಡಿದ ಕನಕಾಂಬರ ಬಾಡಿತ್ತು.

ಅವ್ವ ಕುಕ್ಕೆ ಎತ್ತಿ ನನ್ನ ಕೈಗೆ ಕೊಟ್ಟಳು. "ನಿಂತ್ಕಂಡು ಏನ್ಲಾ ನೋಡ್ತೀಯ? ಕಾಲು ತೊಳ್ಕಂಡು ಬಾ. ಸೊಪ್ಪಾಕೋ ಹೊತ್ತಾಯ್ತು."